ಹಂಚಿಕೊಳ್ಳಲೊಲ್ಲದ ಅರಿವು



ಕಚೇರಿಯ ಸಮಸ್ತರ ಅನುಭವವೂ ಒಂದೆಡೆ ಸಂಗ್ರಹವಾಗಲೆಂದು ತಾವು ಅಕ್ಕರೆಯಿಂದ ಸ್ಥಾಪಿಸಿದ ವಿಕಿಯು ಆರು ತಿಂಗಳಾದರೂ ಬರಿದಾಗಿಯೇ ಉಳಿದಿರುವುದಕ್ಕೆ ಸಹೋದ್ಯೋಗಿಗಳ ಆಲಸ್ಯವನ್ನು ದೂಷಿಸದಿರಿ. 1989ರಲ್ಲಿ ಮಾರುಕಟ್ಟೆಗೆ ಬಂದ ಲೋಟಸ್ ನೋಟ್ಸ್ ಎಂಬ ಮಾಹಿತಿ ಹಂಚಿಕೆಯ ತಂತ್ರಾಂಶವನ್ನು ದೊಡ್ಡದೊಂದು ಸಲಹಾಸಂಸ್ಥೆಯು ಅಳವಡಿಸಿಕೊಂಡ ಬಗೆಯನ್ನು ಪರಿಶೀಲಿಸಿ ಎಂ.ಐ.ಟಿ.ಯ ವಾಂಡಾ ಒರ್ಲಿಕೋವ್ಸ್ಕಿಯವರು 1992ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತನ್ನ ವಿಶಿಷ್ಟ ಪರಿಣತಿಯ ಬಲದಿಂದಲೇ ಬಡ್ತಿ ಪಡೆಯಬೇಕಾದವನು ಅದನ್ನು ಪರರಿಗೆ ಧಾರೆಯೆರೆಯಲು ಹಿಂಜರಿಯುವನೆಂಬುದೂ, ಗ್ರಾಹಕರ ಲೆಕ್ಕಕ್ಕೆ ಸೇರದ ಗಂಟೆಗಳನ್ನು ಹೊಸ ಕಲಿಕೆಗೆ ವ್ಯಯಿಸಲು ಅನೇಕರು ಒಡಂಬಡರೆಂಬುದೂ ವಿಶದವಾಗಿದೆ. ಸ್ಥಾನಭದ್ರತೆಯುಳ್ಳ ಹಿರಿಯರಿಗೆ ಆ ಅಳುಕು ಅಷ್ಟಾಗಿ ಇರಲಿಲ್ಲ.

ತಮ್ಮಲ್ಲಿಯೂ ಏಕಾಂಗಿ ಸಾಧನೆಯೊಂದೇ ಬಡ್ತಿಗೆ ಮಾನದಂಡವಾಗಿದ್ದರೆ, ಎಷ್ಟು ತರಬೇತಿ ಕೊಡಿಸಿದರೂ ವ್ಯರ್ಥವೆಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಆ ಮಾನದಂಡವನ್ನು ತಿದ್ದಿರಿ, ಬರೆಯುವುದಕ್ಕೆ ಕೆಲಸದ ಅವಧಿಯಲ್ಲಿಯೇ ಬಿಡುವು ಕೊಡಿರಿ. ಮೊದಲ ಪುಟವನ್ನು ತಾವೇ ಬರೆಯಿರಿ.