ಒಂದೇ ಹೆಸರು, ಎರಡು ಗೇಟು

ಸಿಇಟಿ ರ‍್ಯಾಂಕು ಹಿಡಿದು ಕೂತಿರುವ ಜಯನಗರದ ಹುಡುಗಿಗೆ,

ಮಗೂ, ಆಪ್ಷನ್ ಎಂಟ್ರಿ ಹತ್ತಿರ ಬಂತು. ಮನೆಯಲ್ಲಿ ಈ ಹೊತ್ತಿಗೆ ಎರಡು ಪಕ್ಷ ಆಗಿರುತ್ತದೆ. ಒಬ್ಬರು ‘ಯೂನಿವರ್ಸಿಟಿಗೇ ಸೇರಲಿ’ ಅನ್ನುತ್ತಾರೆ, ಇನ್ನೊಬ್ಬರು ‘ವಿಟಿಯು ಡಿಗ್ರಿಯೇ ಗಟ್ಟಿ’ ಅನ್ನುತ್ತಾರೆ. ಅವರ ವಾದ ಮುಗಿಯುವುದಿಲ್ಲ. ಯಾವ ಗೇಟಿನೊಳಗೆ ಯಾರು ಪದವಿ ಕೊಡುತ್ತಾರೆ ಎಂಬುದನ್ನು ನೀನು ಮೊದಲು ನೋಡಿಕೋ.

ಕುಮಾರಸ್ವಾಮಿ ಲೇಔಟಿನ ದಯಾನಂದ ಸಾಗರ್ ಎಂಜಿನಿಯರಿಂಗ್ ಕಾಲೇಜು ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ) ಸೇರಿದ್ದು. 2014ರಲ್ಲಿ ಹುಟ್ಟಿದ ದಯಾನಂದ ಸಾಗರ್ ವಿಶ್ವವಿದ್ಯಾಲಯವೇ ಬೇರೆ. ಅದರ ಕ್ಯಾಂಪಸ್ಸು ಹಾರೋಹಳ್ಳಿ ಕಡೆಗೆ. ಮೈಸೂರು ರಸ್ತೆಯ ಆರ್‌ವಿ ಕಾಲೇಜು 1963ರದು, ಪದವಿ ವಿಟಿಯುದು. ಅದೇ ರಸ್ತೆಯಲ್ಲಿ 2021ರಲ್ಲಿ ಶುರುವಾದ ಆರ್‌ವಿ ವಿಶ್ವವಿದ್ಯಾಲಯ ತನ್ನದೇ ಪದವಿ ಕೊಡುತ್ತದೆ. ದಾಯಾದಿ ಮನೆಗಳ ಹಾಗೆ: ಮನೆತನ ಒಂದು, ಒಲೆ ಬೇರೆ. ಹೊಸಕೆರೆಹಳ್ಳಿಯ ಪಿಇಎಸ್ ಮಾತ್ರ ಕಾಲೇಜಾಗಿದ್ದದ್ದು 2013ರಲ್ಲಿ ತಾನೇ ವಿಶ್ವವಿದ್ಯಾಲಯವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನವೂ ಒಂದಕ್ಕಿಂತ ಹೆಚ್ಚಿವೆ: ಬೆಳಗಾವಿಯ ವಿಟಿಯು, ಕೆ.ಆರ್. ಸರ್ಕಲ್ಲಿನ ಯುವಿಸಿಇ. ಪಟ್ಟಿಯಲ್ಲಿ ಹೆಸರು ನೋಡಿ ಗುರುತು ಹಾಕಬೇಡ, ಕಾಲೇಜು ಕೋಡ್ ನೋಡು.

ಹಾಗಾದರೆ ಯಾವುದು ಮೇಲು? ಪ್ರಶ್ನೆಪತ್ರಿಕೆ ಯಾರು ತೆಗೆಯುತ್ತಾರೆ ಎಂದು ಕೇಳು. 1946ರಲ್ಲಿ ಶುರುವಾದ ಬುಲ್ ಟೆಂಪಲ್ ರಸ್ತೆಯ ಬಿಎಂಎಸ್, ಆರ್‌ವಿ, ದಯಾನಂದ ಸಾಗರ್ ಸ್ವಾಯತ್ತ ಕಾಲೇಜುಗಳು. ಪಠ್ಯವನ್ನು ತಾವೇ ರೂಪಿಸಿ ಪರೀಕ್ಷೆಯನ್ನೂ ತಾವೇ ನಡೆಸುತ್ತವೆ, ಪದವಿಪತ್ರ ಮಾತ್ರ ವಿಟಿಯುದು. ಹಾಗಿರುವಾಗ ‘ವಿಟಿಯು’, ‘ಯೂನಿವರ್ಸಿಟಿ’ ಎಂಬ ಜಗಳದಲ್ಲಿ ಅರ್ಧ ಬರೀ ಬೋರ್ಡಿನ ಜಗಳ. ಪಾಠ ಮಾಡುವವರೇ ಪ್ರಶ್ನೆಯನ್ನೂ ತೆಗೆಯುವ ಕಡೆ, ಮೇಷ್ಟ್ರು ಒಳ್ಳೆಯವರಾದರೆ ವಿಷಯ ಆಳಕ್ಕಿಳಿಯುತ್ತದೆ. ಸೋಮಾರಿಗಳಾದರೆ ಹಳೇ ನೋಟ್ಸೇ ಪ್ರಶ್ನೆಪತ್ರಿಕೆ.

ಯುವಿಸಿಇ ಬಗ್ಗೆ ನನಗೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ್ದು, ಈಚೆಗೆ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ತಾನೇ ವಿಶ್ವವಿದ್ಯಾಲಯವಾಗಿದೆ. ಕಟ್ಟಡ ಹಳೆಯದು, ಫೀಸು ಕಡಿಮೆ. ಜಯನಗರದಲ್ಲಿ ಹಸಿರು ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿದರೆ ಸರ್ ಎಂ.ವಿ. ಹೆಸರಿನ ನಿಲ್ದಾಣದಲ್ಲೇ ಇಳಿಯಬಹುದು. ಗಾಜಿನ ಕಟ್ಟಡ ಕಂಡು ಮರುಳಾಗುವ ಅಪ್ಪಂದಿರಿಗೆ ಇದು ಹಿಡಿಸುವುದಿಲ್ಲ, ಬಿಡು.

ಕಂಪ್ಯೂಟರ್ ಸೈನ್ಸ್ ಸಿಗುತ್ತದೆಂದು ಲ್ಯಾಬೇ ಸರಿಯಿಲ್ಲದ ಕಡೆ ಸೇರುವುದಕ್ಕಿಂತ ಒಳ್ಳೆಯ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಾಸಿ ಅಂತ ನನ್ನ ಎಣಿಕೆ. ಆದರೆ ಸರ್ಕ್ಯೂಟ್ ಕಂಡರೇ ಆಗದಿದ್ದರೆ ನನ್ನ ಮಾತು ಕೇಳಬೇಡ. ಮುಂದೆ ಬ್ರಾಂಚ್ ಬದಲಿಸಿಕೊಂಡರಾಯಿತು ಎಂಬ ಲೆಕ್ಕವೂ ಬೇಡ. ಅದು ಎಲ್ಲರಿಗೂ ಸಿಗುವಂಥದ್ದಲ್ಲ.

ಆಪ್ಷನ್ ಪಟ್ಟಿಯಲ್ಲಿ ಜಾಣತನ ತೋರಿಸಲು ಹೋಗಬೇಡ. ಸೀಟು ಹಂಚುವ ಕೆಇಎ ನಿನ್ನ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದು, ನಿನ್ನ ರ‍್ಯಾಂಕಿಗೆ ದಕ್ಕುವ ಮೊದಲ ಸೀಟು ಕೊಡುತ್ತದೆ. ಸಿಗಲಾರದ್ದನ್ನು ಮೊದಲಿಗೆ ಬರೆದರೆ ಕಳೆದುಕೊಳ್ಳುವುದೇನೂ ಇಲ್ಲ. ಬೇಡದ್ದನ್ನು ಮೇಲೆ ಬರೆದರೆ ಅದೇ ಗಂಟು ಬೀಳುತ್ತದೆ. ‘ಸೀಟ್ ಕೊಡಿಸ್ತೀನಿ’ ಅಂತ ಯಾರಾದರೂ ಫೋನ್ ಮಾಡಿದರೆ ಮಾತು ಬೆಳೆಸದೆ ಇಟ್ಟುಬಿಡು.

ಅಣಕು ಹಂಚಿಕೆ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶ ಕೊಡುತ್ತಾರೆ. ಅಷ್ಟರಲ್ಲಿ ಬುಲ್ ಟೆಂಪಲ್ ರಸ್ತೆಗೂ ಹೊಸಕೆರೆಹಳ್ಳಿಗೂ ಕೆ.ಆರ್. ಸರ್ಕಲ್ಲಿಗೂ ಹೋಗಿ ಬಾ. ಅಡ್ಮಿಷನ್ ಕೌಂಟರಿನವರನ್ನಲ್ಲ, ಬಸ್ ಸ್ಟಾಪಿನಲ್ಲಿ ನಿಂತ ಮೂರನೇ ವರ್ಷದವರನ್ನು ಕೇಳು: ಸಂಜೆ ಆರರ ಮೇಲೂ ಲ್ಯಾಬ್ ತೆಗೆದಿರುತ್ತದಾ? ಫೇಲಾದ ಹುಡುಗನನ್ನು ಮೇಷ್ಟ್ರು ಹೇಗೆ ಮಾತಾಡಿಸುತ್ತಾರೆ?