ಸಡಿಲವಾದ ಹೊಟ್ಟೆ: ಎಣ್ಣೆಯೋ, ವ್ಯಾಯಾಮವೋ, ಶಸ್ತ್ರಚಿಕಿತ್ಸೆಯೋ?

ಹೆರಿಗೆಯಾಗಿ ವರ್ಷ ಕಳೆದಿದೆ. ತೂಕವೂ ಹೆಚ್ಚುಕಡಿಮೆ ಮೊದಲಿನಷ್ಟಕ್ಕೆ ಬಂದಿದೆ. ಆದರೆ ಹೊಟ್ಟೆ ಮಾತ್ರ ಜೋತು ಬಿದ್ದೇ ಇದೆ. ಮದುವೆ ಮನೆಯಲ್ಲಿ ‘ಮತ್ತೆ ವಿಶೇಷವಾ?’ ಎಂದು ಕೇಳುವವರಿಗೆ ಉತ್ತರಿಸಿ ಸಾಕಾಗಿದೆ. ಸಹೋದರಿಯರು ಈ ಸಂಕಟವನ್ನು ವೈದ್ಯರ ಬಳಿ ಹೇಳುವುದು ಬೇರೆಲ್ಲ ಕಾಯಿಲೆಯ ಮಾತು ಮುಗಿದ ಮೇಲೆ, ತಗ್ಗಿದ ದನಿಯಲ್ಲಿ. ಕಷ್ಟಪಟ್ಟು 30-40 ಕಿಲೋ ತೂಕ ಇಳಿಸಿದ ಗಂಡಸರದ್ದೂ ಇದೇ ಸಮಸ್ಯೆ.

ಇದಕ್ಕೆ ಎರಡು ಉತ್ತರಗಳು ಸುಲಭವಾಗಿ ಸಿಗುತ್ತವೆ. ನೆಂಟರು ಒಂದು ಎಣ್ಣೆ ಹೇಳುತ್ತಾರೆ, ಜಾಹೀರಾತು ಒಂದು ಆಪರೇಷನ್ ಹೇಳುತ್ತದೆ. ಎರಡರಲ್ಲಿ ಯಾವುದಕ್ಕೂ ಹಣ ಕೊಡುವ ಮೊದಲು ನೀವು ತಿಳಿಯಬೇಕಾದ ವಿಷಯ ಒಂದಿದೆ. ನಿಮ್ಮ ಹೊಟ್ಟೆಯಲ್ಲಿ ಸಡಿಲವಾಗಿರುವುದು ಯಾವುದು? ಚರ್ಮವೋ, ಕೊಬ್ಬೋ, ಸ್ನಾಯುವೋ? ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ಹೊಟ್ಟೆಯ ಮೂರು ಪದರಗಳು

ಹೊರಗಿನದು ಚರ್ಮ. ಅದರಲ್ಲಿ ಕೊಲಾಜೆನ್, ಎಲಾಸ್ಟಿನ್ ಎಂಬ ನಾರುಗಳಿವೆ. ಹಳೆಯ ಚಡ್ಡಿಯ ಇಲಾಸ್ಟಿಕ್ ಹೇಗೆ ಎಳೆದೆಳೆದು ಸೊರಗುತ್ತದೋ ಹಾಗೆಯೇ ತಿಂಗಳುಗಟ್ಟಲೆ ಹಿಗ್ಗಿದ ಚರ್ಮವೂ ಪೂರ್ತಿ ಹಿಂದೆ ಬರುವುದಿಲ್ಲ. ವಯಸ್ಸು, ವಂಶ, ಎಷ್ಟು ಹಿಗ್ಗಿತ್ತು, ಎಷ್ಟು ಸಲ ಹಿಗ್ಗಿತ್ತು ಎಂಬುದರ ಮೇಲೆ ಇದು ನಿಂತಿದೆ. ಬೀಡಿ, ಸಿಗರೇಟು ಸೇದುವವರ ಚರ್ಮ ಇನ್ನೂ ಬೇಗ ಸಡಿಲವಾಗುತ್ತದೆ.

ಅದರ ಕೆಳಗಿರುವುದು ಕೊಬ್ಬು. ಇದು ಆಹಾರ ಮತ್ತು ನಡಿಗೆಗೆ ಕರಗುತ್ತದೆ, ಆದರೆ ಹೊಟ್ಟೆಯದನ್ನು ಮಾತ್ರ ಆರಿಸಿ ಕರಗಿಸುವ ವ್ಯಾಯಾಮ ಯಾವುದೂ ಇಲ್ಲ.

ಒಳಗಿನದು ಸ್ನಾಯು. ಎದೆಯ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಎರಡು ಸ್ನಾಯುಪಟ್ಟಿಗಳಿವೆ. ಮಧ್ಯದಲ್ಲಿ ಬಿಳಿಯ ನಾರಿನ ಬೆಸುಗೆಯಿದೆ. ಗರ್ಭ ಬೆಳೆದಾಗ ಈ ಬೆಸುಗೆ ಅಗಲವಾಗಿ ಪಟ್ಟಿಗಳು ದೂರ ಸರಿಯುತ್ತವೆ. ನಾರ್ವೆಯಲ್ಲಿ 300 ಚೊಚ್ಚಲ ಗರ್ಭಿಣಿಯರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾದ 6 ವಾರಕ್ಕೆ ನೂರರಲ್ಲಿ 60 ಮಂದಿಗೆ ಈ ಅಂತರವಿತ್ತು. ವರ್ಷದ ಬಳಿಕವೂ ಸುಮಾರು 33 ಮಂದಿಗೆ ಇತ್ತು. ಅಂದರೆ ಇದು ನಿಮ್ಮ ಸೋಮಾರಿತನದ ಫಲವಲ್ಲ.

ನೀವೇ ನೋಡಿಕೊಳ್ಳಿ

ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚಿ. ಹೊಕ್ಕುಳಿನ ಮೇಲೆ ಬೆರಳುಗಳನ್ನು ಅಡ್ಡಲಾಗಿಟ್ಟು ತಲೆ ಮತ್ತು ಭುಜವನ್ನು ಸ್ವಲ್ಪವೇ ಎತ್ತಿ. ಎರಡು ಬದಿಯ ಗಟ್ಟಿ ಅಂಚುಗಳ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗವಿದ್ದರೆ, ಅಥವಾ ನಡುವೆ ದಿಣ್ಣೆಯಂತೆ ಉಬ್ಬಿದರೆ ಸ್ನಾಯು ಸರಿದಿದೆ. ಹೊಕ್ಕುಳಿನ ಕೆಳಗೂ ಇದೇ ರೀತಿ ನೋಡಿ. ನಂತರ ನಿಂತುಕೊಂಡು ಚರ್ಮವನ್ನು ಚಿವುಟಿ ಹಿಡಿಯಿರಿ. ಬಟ್ಟೆಯಂತೆ ತೆಳ್ಳಗಿನ ಮಡಿಕೆ ಬಂದರೆ ಅದು ಚರ್ಮ, ದಪ್ಪಗೆ ಬಂದರೆ ಕೊಬ್ಬು. ಹಲವರಲ್ಲಿ ಮೂರೂ ಸೇರಿರುತ್ತವೆ.

ಕೆಮ್ಮುವಾಗ ಹೊಕ್ಕುಳಲ್ಲಿ ಅಥವಾ ಹಳೆಯ ಹೊಲಿಗೆಯ ಜಾಗದಲ್ಲಿ ಗಂಟು ಮೂಡಿದರೆ ಅದು ಹರ್ನಿಯಾ ಇರಬಹುದು, ಸರ್ಜನ್‌ಗೆ ತೋರಿಸಿ. ಆ ಗಂಟು ಒಳಗೆ ಹೋಗದೆ ಗಟ್ಟಿಯಾಗಿ ನೋವು, ವಾಂತಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಎಣ್ಣೆ ಮತ್ತು ಹೊಟ್ಟೆಪಟ್ಟಿ

ಯುನಾನಿ ವೈದ್ಯನಾಗಿ ನಾನು ಮಾಲಿಶನ್ನು ತಳ್ಳಿಹಾಕುವವನಲ್ಲ. ‘ದಲ್ಕ್’ ನಮ್ಮ ಪದ್ಧತಿಯ ಹಳೆಯ ಚಿಕಿತ್ಸೆ. ರೋಗನ್ ಝೈತೂನ್, ರೋಗನ್ ಬಾದಾಮ್ ಚರ್ಮವನ್ನು ಮೃದುವಾಗಿಡುತ್ತವೆ, ತುರಿಕೆ ತಗ್ಗಿಸುತ್ತವೆ, ಬಾಣಂತಿಗೆ ಹಿತ ಕೊಡುತ್ತವೆ. ಆದರೆ ಹರಿದ ನಾರನ್ನು ಹೊಲಿಯುವ ಎಣ್ಣೆ ಯುನಾನಿಯಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ. ಬಸುರಿನ ಗೆರೆಗಳನ್ನು ತಡೆಯುವ ಲೇಪಗಳ ಬಗ್ಗೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2012ರ ಕಾಕ್ರೇನ್ ವಿಮರ್ಶೆ ಕೂಡ ಅವು ಕೆಲಸ ಮಾಡುತ್ತವೆ ಎನ್ನಲು ಆಧಾರ ಕಾಣಲಿಲ್ಲ. ಸಾವಿರಾರು ರೂಪಾಯಿಯ ಬಾಟಲಿ ನಿಮಗೆ ಬೇಡ.

ಬಾಣಂತನದ 40 ದಿನ ಹೊಟ್ಟೆ ಕಟ್ಟುವ ರೂಢಿ ಹಲವು ಮನೆಗಳಲ್ಲಿದೆ. ಹದವಾಗಿ ಕಟ್ಟಿದ ಬಟ್ಟೆ ಸೊಂಟಕ್ಕೆ ಆಧಾರ, ಸಿಸೇರಿಯನ್ ಆದವರಿಗೆ ನಡೆಯುವಾಗ ನೋವು ಕಡಿಮೆ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಗೆ ಇಳಿದು ಗರ್ಭಕೋಶ ಮತ್ತು ಮೂತ್ರಕೋಶವನ್ನು ಹಿಡಿದಿಡುವ ಸ್ನಾಯುಗಳಿಗೆ ತೊಂದರೆ. ಪಟ್ಟಿ ಕಟ್ಟಿದರೆ ಸ್ನಾಯು ತಾನಾಗಿ ಬಲಗೊಳ್ಳುವುದಿಲ್ಲ. ಹೊಲಿಗೆ ಮಾಗುವ ತನಕ ಅದರ ಮೇಲೆ ಮಾಲಿಶ್ ಬೇಡ.

ಮೊದಲ ಮದ್ದು ರಿಯಾಝತ್

ನಮ್ಮ ವೈದ್ಯಪದ್ಧತಿಯಲ್ಲಿ ಚಿಕಿತ್ಸೆಗೆ ನಾಲ್ಕು ದಾರಿಗಳಿವೆ: ಜೀವನಕ್ರಮದ ತಿದ್ದುಪಡಿ, ಆಹಾರ, ಔಷಧ ಮತ್ತು ‘ಇಲಾಜ್ ಬಿಲ್ ಯದ್’, ಅಂದರೆ ಕೈಯಿಂದ ಮಾಡುವ ಶಸ್ತ್ರಚಿಕಿತ್ಸೆ. ಮೊದಲಿನವುಗಳಿಂದ ಆಗುವುದಕ್ಕೆ ಕತ್ತಿ ಎತ್ತಬಾರದು.

ಸರಿದ ಸ್ನಾಯುವಿಗೆ ವ್ಯಾಯಾಮದಿಂದ ಬಲ ಬರುತ್ತದೆ. ಮಲಗಿ ಮೊಣಕಾಲು ಮಡಚಿ, ನಿಧಾನವಾಗಿ ಉಸಿರು ಬಿಡುತ್ತ ಹೊಕ್ಕುಳನ್ನು ಬೆನ್ನಿನ ಕಡೆಗೆ ಎಳೆದುಕೊಳ್ಳಿ. ಐದು ಎಣಿಸಿ ಸಡಿಲಿಸಿ. ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ ಮಾಡಿ. ಅದು ಸುಲಭವಾದ ಮೇಲೆ ಹೊಟ್ಟೆ ಬಿಗಿ ಹಿಡಿದೇ ಒಂದೊಂದು ಹಿಮ್ಮಡಿಯನ್ನು ಮುಂದಕ್ಕೆ ಜಾರಿಸಿ. ಹೊಟ್ಟೆಯ ನಡುವೆ ದಿಣ್ಣೆ ಏಳುವ ಯಾವ ವ್ಯಾಯಾಮವನ್ನೂ ಮಾಡಬೇಡಿ. ಅಂಗಾತ ಮಲಗಿ ಎದ್ದು ಕೂರುವ ಕಸರತ್ತು ಈ ಹಂತದಲ್ಲಿ ಸಲ್ಲದು. ಹಾಸಿಗೆಯಿಂದ ಏಳುವಾಗಲೂ ಪಕ್ಕಕ್ಕೆ ಹೊರಳಿ, ಕೈಯೂರಿ ಏಳಿ. ಸಿಸೇರಿಯನ್ ಆಗಿದ್ದರೆ ವೈದ್ಯರನ್ನು ಕೇಳಿಯೇ ಆರಂಭಿಸಿ. ಫಲ ಕಾಣಲು ತಿಂಗಳುಗಳು ಬೇಕು. ಫಿಸಿಯೋಥೆರಪಿಸ್ಟ್ ಸಿಕ್ಕರೆ ಒಂದೆರಡು ಸಲ ಕಲಿತುಕೊಳ್ಳಿ.

ಮಡಿಕೆಯ ಶುಚಿತ್ವ

ಜೋತುಬಿದ್ದ ಚರ್ಮದ ಅಡಿಯಲ್ಲಿ ಬೆವರು ನಿಂತು ಕೆಂಪಾಗುವುದು, ಉರಿ, ವಾಸನೆ, ಫಂಗಸ್ ಬರುವುದು ನಮ್ಮ ಕರಾವಳಿಯ ಸೆಕೆಯಲ್ಲಿ ಬಹಳ ಸಾಮಾನ್ಯ. ಗುಸ್ಲ್ ಮಾಡುವಾಗ ಮಡಿಕೆಯೊಳಗೂ ನೀರು ತಲುಪಿಸುವ ಅಭ್ಯಾಸ ನಮಗಿದೆ. ಒರೆಸಿ ಒಣಗಿಸುವುದನ್ನು ಮಾತ್ರ ಮರೆಯುತ್ತೇವೆ. ಮಡಿಕೆಯನ್ನು ಎತ್ತಿ, ಉಜ್ಜದೆ, ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಿ. ಅಲ್ಲಿ ಎಣ್ಣೆ ಹಚ್ಚಬೇಡಿ. ಮೆಡಿಕಲ್ ಅಂಗಡಿಯಿಂದ ಸ್ಟಿರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿದರೆ ಫಂಗಸ್ ಇನ್ನಷ್ಟು ಹರಡುತ್ತದೆ. ಮತ್ತೆ ಮತ್ತೆ ಬರುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ.

ಶಸ್ತ್ರಚಿಕಿತ್ಸೆ ಯಾರಿಗೆ, ಯಾವಾಗ?

ಇಷ್ಟೆಲ್ಲ ಮಾಡಿದ ಮೇಲೂ ಚರ್ಮ ಸೆರಗಿನಂತೆ ಜೋತು ಹುಣ್ಣಾಗುತ್ತಿದ್ದರೆ, ಅಥವಾ ಸ್ನಾಯುವಿನ ಅಂತರದಿಂದ ಬೆನ್ನುನೋವು, ಭಾರ ಎತ್ತಲಾಗದ ಸ್ಥಿತಿ ಇದ್ದರೆ ಅಬ್ಡೊಮಿನೊಪ್ಲಾಸ್ಟಿ ನಿಜವಾದ ಪರಿಹಾರವೇ. ಜನ ಇದನ್ನು ‘ಟಮ್ಮಿ ಟಕ್’ ಎನ್ನುತ್ತಾರೆ. ಕಿಬ್ಬೊಟ್ಟೆಯಲ್ಲಿ ಒಂದು ಸೊಂಟದಿಂದ ಇನ್ನೊಂದಕ್ಕೆ ಕೊಯ್ದು, ಸರಿದ ಸ್ನಾಯುಗಳನ್ನು ಸೇರಿಸಿ ಹೊಲಿದು, ಹೆಚ್ಚುವರಿ ಚರ್ಮ ತೆಗೆದು, ಹೊಕ್ಕುಳಿಗೆ ಹೊಸ ಜಾಗ ಮಾಡುತ್ತಾರೆ. ಗಂಟೆಗಟ್ಟಲೆ ಹಿಡಿಯುವ ದೊಡ್ಡ ಆಪರೇಷನ್ ಇದು. ಲೈಪೊಸಕ್ಷನ್ ಬೇರೆ. ಅದು ಕೊಬ್ಬನ್ನು ಮಾತ್ರ ಹೀರುತ್ತದೆ, ಸಡಿಲ ಚರ್ಮವನ್ನು ಬಿಗಿ ಮಾಡುವುದಿಲ್ಲ. ಎರಡೂ ತೂಕ ಇಳಿಸುವ ಚಿಕಿತ್ಸೆಗಳಲ್ಲ.

ಮುಂದೆ ಮಕ್ಕಳು ಬೇಕೆಂದಿರುವವರು ಈಗ ಮಾಡಿಸಬಾರದು. ಮತ್ತೆ ಗರ್ಭ ಧರಿಸಲು ಅಡ್ಡಿಯಿಲ್ಲ, ಆದರೆ ಮಾಡಿದ ಕೆಲಸ ಮತ್ತೆ ಸಡಿಲವಾಗುತ್ತದೆ. ತೂಕ ಕನಿಷ್ಠ 6 ತಿಂಗಳು ಸ್ಥಿರವಾಗಿ ನಿಂತಿರಬೇಕು. ಬೇರಿಯಾಟ್ರಿಕ್ ಆದವರು ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಬೇಕು. ಎದೆಹಾಲು ಕೊಡುತ್ತಿರುವಾಗ ಬೇಡ. ಸಕ್ಕರೆ ಹತೋಟಿಯಲ್ಲಿರಬೇಕು, ಧೂಮಪಾನ ವಾರಗಳ ಮೊದಲೇ ನಿಂತಿರಬೇಕು.

ಅಪಾಯಗಳನ್ನು ಅರಿತೇ ಸಹಿ ಹಾಕಿ. ಚರ್ಮದಡಿ ನೀರು ತುಂಬುವುದು ಹೆಚ್ಚಾಗಿ ಕಾಣುವ ತೊಂದರೆ. ಸೋಂಕು, ಗಾಯ ಮಾಗದಿರುವುದು, ಹೊಕ್ಕುಳಿನ ಕೆಳಗೆ ಮರಗಟ್ಟುವುದು, ಶಾಶ್ವತ ಗಾಯದ ಗುರುತು ಇವೆ. ವಿರಳವಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಆಪರೇಷನ್ ಬಳಿಕ ಮೀನಖಂಡ ಊದಿ ನೋವಾದರೆ ಅಥವಾ ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಓಡಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದ 21 ವರ್ಷದ ಕಿರುತೆರೆ ನಟಿ ಮೃತಪಟ್ಟ ಸುದ್ದಿ ನಿಮಗೆ ನೆನಪಿರಬಹುದು.

ಆದ್ದರಿಂದ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಆದ ಸರ್ಜನ್ ಯಾರು, ಅರಿವಳಿಕೆ ತಜ್ಞರು ಯಾರು, ಐಸಿಯು ಇದೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಬ್ಯೂಟಿ ಪಾರ್ಲರ್, ಸ್ಲಿಮ್ಮಿಂಗ್ ಸೆಂಟರ್‌ಗಳಲ್ಲಿ ಮಾಡಿಸುವ ಕೆಲಸ ಇದಲ್ಲ. ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ವೈದ್ಯಕೀಯ ಅಗತ್ಯವಿದ್ದರೆ ವೈದ್ಯರ ಪತ್ರದೊಂದಿಗೆ ಮೊದಲೇ ವಿಚಾರಿಸಿ. ಚಿನ್ನ ಅಡವಿಟ್ಟು, ಬಡ್ಡಿಗೆ ಸಾಲ ಮಾಡಿ ಓಡಬೇಡಿ.

ಮೊದಲ ಕೆಲವು ದಿನ ಬಾಗಿಯೇ ನಡೆಯಬೇಕಾಗುತ್ತದೆ. ಸುಮಾರು 6 ವಾರ ಭಾರ ಎತ್ತುವಂತಿಲ್ಲ, ನಿಮ್ಮ ಮಗುವನ್ನೂ ಸೇರಿಸಿ. ಸರ್ಜನ್ ಅನುಮತಿಸುವವರೆಗೆ ನಮಾಝನ್ನು ಕುರ್ಚಿಯಲ್ಲಿ ಕುಳಿತು ನಿರ್ವಹಿಸಬಹುದು. ರಮಝಾನ್‌ಗೆ ಮುಂಚಿನ ವಾರಗಳಲ್ಲಿ ದಿನ ಗೊತ್ತು ಮಾಡದಿದ್ದರೆ ಒಳ್ಳೆಯದು.

ಇದು ಜಾಯಿಝೇ?

ಇದರ ವಿಧಿ ಹೇಳುವುದು ವೈದ್ಯನ ಕೆಲಸವಲ್ಲ. ಆದರೆ 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು ಹಾನಿಯನ್ನು, ಊನವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನೂ ಸಹಜ ರೂಪವನ್ನು ಫ್ಯಾಶನ್‌ಗಾಗಿ ಬದಲಿಸುವುದನ್ನೂ ಬೇರ್ಪಡಿಸಿ ನೋಡಿದೆ. ನಿಮ್ಮದು ಯಾವುದೆಂದು ತಿಳಿಯಲು ಉಲಮಾರ ಬಳಿ ಹೋಗುವಾಗ ವೈದ್ಯರ ವರದಿಯನ್ನೂ ಕೊಂಡೊಯ್ಯಿರಿ. ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗುತ್ತದೆ.

ಮನೆಯವರಿಗೆ ಎರಡು ಮಾತು

ಪತಿಯ ಒಂದು ತಮಾಷೆ, ಅತ್ತೆಯ ಒಂದು ಹೋಲಿಕೆ ಎಷ್ಟೋ ಹೆಣ್ಣುಮಕ್ಕಳನ್ನು ಅಗತ್ಯವಿಲ್ಲದ ಆಪರೇಷನ್ ಟೇಬಲಿಗೆ ತಳ್ಳುತ್ತದೆ. ನಿಮ್ಮ ಮಕ್ಕಳನ್ನು ಹೊತ್ತ ಹೊಟ್ಟೆ ಅದು. ಹಾಸ್ಯ ಮಾಡುವ ಬದಲು ದಿನಕ್ಕೆ ಅರ್ಧ ಗಂಟೆ ಮಗುವನ್ನು ನೀವು ನೋಡಿಕೊಳ್ಳಿ. ಆಕೆ ನಡೆಯಲಿ, ವ್ಯಾಯಾಮ ಮಾಡಲಿ. ಸಹೋದರಿಯರೇ, ಇಂದು ರಾತ್ರಿ ಮಲಗುವ ಮೊದಲು ಬೆರಳಿಟ್ಟು ಆ ಅಂತರವನ್ನು ನೋಡಿಕೊಳ್ಳಿ. ಚಿಕಿತ್ಸೆಯ ಮಾತು ಅಲ್ಲಿಂದ ಶುರುವಾಗಲಿ.