ಸೀಟು ಜುಲೈನಲ್ಲಿ, ತಯಾರಿ ಪ್ರಥಮ ಪಿಯುಸಿಯಲ್ಲಿ

‘ಈಗಿನ್ನೂ ಫಸ್ಟ್ ಪಿಯು, ಮುಂದಿನ ವರ್ಷ ನೋಡಿದರಾಯ್ತು ಬಿಡಿ.’ ಶಿಕಾರಿಪುರ, ಸೊರಬ ಕಡೆಯ ಅಪ್ಪ ಅಮ್ಮಂದಿರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತಿದು. ಆ ಮುಂದಿನ ವರ್ಷ ಬಂದಾಗ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಜನವರಿ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆ, ಅದರ ಬೆನ್ನಿಗೇ ಸಿಇಟಿ ಅರ್ಜಿ, ಆಮೇಲೆ ವಾರ್ಷಿಕ ಪರೀಕ್ಷೆ, ಅದು ಮುಗಿಯಿತೆನ್ನುವಷ್ಟರಲ್ಲಿ ಸಿಇಟಿ, ನೀಟ್. 2025ರಲ್ಲಿ ಸಿಇಟಿ ನಡೆದದ್ದು ಏಪ್ರಿಲ್ 16 ಮತ್ತು 17ಕ್ಕೆ, ನೀಟ್ ಮೇ 4ಕ್ಕೆ. ಇದರ ನಡುವೆ ನಾಡಕಚೇರಿ, ಬಿಇಒ ಕಚೇರಿ, ಹಳೆಯ ಶಾಲೆ ಎಂದು ಅಲೆಯುವುದು ಯಾರಿಗೂ ಬೇಡ. ಅಂಕ ಇದ್ದೂ ಸೀಟು ಕೈತಪ್ಪಿದವರನ್ನು ಮಾತಿಗೆಳೆದರೆ ಬಹಳಷ್ಟು ಸಲ ಅದರ ಹಿಂದೆ ಒಂದು ಕಾಗದವೋ ಒಂದು ಮೊಬೈಲ್ ನಂಬರೋ ಇರುತ್ತದೆ. ಓದು ಮಕ್ಕಳ ಕೆಲಸ, ಅದನ್ನು ಅವರೇ ಮಾಡಬೇಕು. ಕಾಗದದ ಕೆಲಸ ಹೆತ್ತವರದ್ದು. ಅದಕ್ಕೆ ಪ್ರಥಮ ಪಿಯುಸಿಯ ವರ್ಷಕ್ಕಿಂತ ಬಿಡುವಿನ ಕಾಲ ಸಿಗುವುದಿಲ್ಲ.

ಮೊದಲು ಹೆಸರು ಸರಿಮಾಡಿಸಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಮಗುವಿನ ಕೈಯಲ್ಲೇ ಓದಿಸಿ. ಒಂದರಲ್ಲಿ ‘ಮಂಜುನಾಥ ಕೆ’, ಇನ್ನೊಂದರಲ್ಲಿ ‘ಕೆ ಮಂಜುನಾಥ್’, ಮೂರನೆಯದರಲ್ಲಿ ಇನಿಷಿಯಲ್ಲೇ ಇಲ್ಲ. ಅಪ್ಪನ ಹೆಸರು ಪಹಣಿಯಲ್ಲಿ ಒಂದು, ಶಾಲೆಯ ದಾಖಲಾತಿಯಲ್ಲಿ ಇನ್ನೊಂದು. ಇವೆಲ್ಲ ಮನೆಯಲ್ಲಿ ಸಣ್ಣ ವಿಷಯ, ಕಂಪ್ಯೂಟರ್‌ಗೆ ಮಾತ್ರ ಇಬ್ಬರು ಬೇರೆಬೇರೆ ಮನುಷ್ಯರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲವೆಂದು ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸುವುದು ಸುಲಭ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಪ್ರೌಢಶಾಲೆಯ ಮುಖ್ಯ ಶಿಕ್ಷಕರ ಮೂಲಕ ಮಂಡಳಿಗೆ ಅರ್ಜಿ ಹೋಗಬೇಕು. ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸವಾದ್ದರಿಂದ ಇವತ್ತೇ ಕೊಡಿ.

ಜಾತಿ-ಆದಾಯ ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ ‘ಡಿ’, ಪ್ರವರ್ಗ-1ಕ್ಕೆ ‘ಇ’, 2ಎ, 2ಬಿ, 3ಎ, 3ಬಿಗೆ ‘ಎಫ್’. ಹೋಬಳಿಯ ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಅರ್ಜಿ ಹಾಕಬಹುದು. ಶಿಕಾರಿಪುರದ ಕಡೆ ಕಸಬಾ, ಅಂಜನಾಪುರ, ಹೊಸೂರು, ಉಡುಗಣಿ, ತಾಳಗುಂದ; ಸೊರಬದ ಕಡೆ ಕಸಬಾ, ಆನವಟ್ಟಿ, ಜಡೆ, ಕುಪ್ಪಗಡ್ಡೆ, ಚಂದ್ರಗುತ್ತಿ, ಉಳವಿ. ನಿಮ್ಮ ಊರು ಯಾವ ಹೋಬಳಿಗೆ ಸೇರಿದೆಯೋ ಅಲ್ಲಿಗೆ. ಪತ್ರದ ಮೇಲಿನ ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆಯನ್ನೇ ಸಿಇಟಿ ಅರ್ಜಿಯಲ್ಲಿ ತುಂಬಬೇಕು. ಆದಾಯದ ದಾಖಲೆ ಐದು ವರ್ಷ ನಡೆಯುತ್ತದೆ. ಎಂಟನೇ ತರಗತಿಯಲ್ಲಿ ಮಾಡಿಸಿದ್ದಾದರೆ ಸೀಟು ಹಂಚಿಕೆಯ ತನಕ ಬಾಳುತ್ತದೆಯೇ ಎಂದು ದಿನಾಂಕ ನೋಡಿಕೊಳ್ಳಿ.

ಇಲ್ಲೊಂದು ಗುಂಡಿ ಇದೆ. ನೀಟ್, ಜೆಇಇಯಂಥ ಕೇಂದ್ರದ ಪರೀಕ್ಷೆಗಳಿಗೆ ರಾಜ್ಯದ 2ಎ, 3ಬಿ ನಡೆಯುವುದಿಲ್ಲ. ಅಲ್ಲಿನ ಒಬಿಸಿ ಪಟ್ಟಿಯೇ ಬೇರೆ. ನಿಮ್ಮ ಜಾತಿ, ಉಪಜಾತಿ ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಇಡಬ್ಲ್ಯುಎಸ್‌ಗೆ ಅರ್ಹತೆ ಇದೆಯೇ ವಿಚಾರಿಸಿ. ಒಬಿಸಿ, ಇಡಬ್ಲ್ಯುಎಸ್ ಪ್ರಮಾಣಪತ್ರಗಳನ್ನು ಮಾತ್ರ ಮುಂಚೆಯೇ ಮಾಡಿಸಿಟ್ಟು ಪ್ರಯೋಜನವಿಲ್ಲ, ಸಾಮಾನ್ಯವಾಗಿ ಆಯಾ ಆರ್ಥಿಕ ವರ್ಷದ್ದನ್ನೇ ಕೇಳುತ್ತಾರೆ.

ಗ್ರಾಮೀಣ, ಕನ್ನಡ ಮಾಧ್ಯಮ: ನಮ್ಮವರ ದೊಡ್ಡ ಆಸ್ತಿ

ಸಿಇಟಿಯ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷದ ಲೆಕ್ಕ ಬೇಕು. ನಮ್ಮ ಎರಡು ತಾಲ್ಲೂಕಿನ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಜನ ಇದನ್ನು ಕಳೆದುಕೊಳ್ಳುವ ಬಗೆಯೂ ವಿಚಿತ್ರ. ಮನೆ ಹಳ್ಳಿಯಲ್ಲಿದೆ, ರೇಷನ್ ಕಾರ್ಡ್ ಹಳ್ಳಿಯದು, ಆದ್ದರಿಂದ ಗ್ರಾಮೀಣ ಎಂದು ತಿಳಿದಿರುತ್ತಾರೆ. ಲೆಕ್ಕಕ್ಕೆ ಬರುವುದು ಮನೆಯಲ್ಲ, ಶಾಲೆ ಇದ್ದ ಜಾಗ. ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಶಿಕಾರಿಪುರ ಪಟ್ಟಣದ ಪ್ರೌಢಶಾಲೆಯಲ್ಲಿ ಮೂರು ವರ್ಷ ಓದಿದ ಹುಡುಗನಿಗೆ ಗ್ರಾಮೀಣ ಕೋಟಾ ಇಲ್ಲ. ಊರಿನ ಶಾಲೆಯಲ್ಲೇ ಉಳಿದ ಅವನ ಗೆಳತಿಗೆ ಇದೆ. ಮನೆಯಲ್ಲಿ ಏಳನೇ ತರಗತಿಯ ಇನ್ನೊಂದು ಮಗು ಇದ್ದರೆ, ಪೇಟೆಯ ಶಾಲೆಗೆ ಸೇರಿಸುವ ಮುಂಚೆ ಈ ಲೆಕ್ಕವನ್ನೂ ಹಾಕಿ.

ಪ್ರಮಾಣಪತ್ರಕ್ಕೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಬಿಇಒ ಮೇಲುಸಹಿ ಬೇಕು. ಎರಡು ಮೂರು ಶಾಲೆ ಬದಲಾಗಿದ್ದರೆ ಅಷ್ಟೂ ಶಾಲೆಯ ವಿವರ ಬೇಕಾಗುತ್ತದೆ. ಶಿರಾಳಕೊಪ್ಪ ಕಡೆಯ ಕೆಲವು ಮಕ್ಕಳು ಅಜ್ಜಿಮನೆಯಲ್ಲಿದ್ದು ಹಿರೇಕೆರೂರು ತಾಲ್ಲೂಕಿನಲ್ಲಿ, ಆನವಟ್ಟಿ ಕಡೆಯವರು ಹಾನಗಲ್ ತಾಲ್ಲೂಕಿನಲ್ಲಿ ಒಂದೆರಡು ತರಗತಿ ಓದಿರುತ್ತಾರೆ. ಆ ವರ್ಷಗಳಿಗೆ ಅಲ್ಲಿನ ಬಿಇಒ ಕಚೇರಿಗೇ ಹೋಗಬೇಕು. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ದಾಖಲಾತಿ ಪುಸ್ತಕ ಸಾಮಾನ್ಯವಾಗಿ ಹತ್ತಿರದ ಇನ್ನೊಂದು ಶಾಲೆಯಲ್ಲಿರುತ್ತದೆ, ಹುಡುಕಲು ಸಮಯ ಹಿಡಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ, ಮುಖ್ಯ ಶಿಕ್ಷಕರು ಊರಲ್ಲಿರುವುದಿಲ್ಲ. ದಸರಾ ಮುಗಿದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ. ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೇಳುವುದಾದರೆ ಕೆನೆಪದರಕ್ಕೆ ಸೇರಿಲ್ಲವೆಂಬ ಪತ್ರವೂ ಜೊತೆಗಿರಲಿ.

ಓದಿನ ಲೆಕ್ಕ

ಇದನ್ನು ಉಪನ್ಯಾಸಕರು ನನಗಿಂತ ಚೆನ್ನಾಗಿ ಹೇಳುತ್ತಾರೆ, ನಾನು ಎರಡೇ ಮಾತು ಹೇಳುತ್ತೇನೆ. ಸಿಇಟಿ, ನೀಟ್ ಎರಡಕ್ಕೂ ಪ್ರಥಮ ಪಿಯುಸಿಯ ಪಾಠವೂ ಸೇರುತ್ತದೆ. ‘ಫಸ್ಟ್ ಪಿಯು ಪಾಸಾದರೆ ಸಾಕು’ ಎಂದವರು ಅರ್ಧ ಪರೀಕ್ಷೆಯನ್ನು ಆಗಲೇ ಬಿಟ್ಟುಕೊಟ್ಟಂತೆ. ಎರಡನೆಯದು, ಎಂಜಿನಿಯರಿಂಗ್ ರ್‍ಯಾಂಕಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕೋಚಿಂಗ್ ನೆಪದಲ್ಲಿ ಕಾಲೇಜಿನ ಪಾಠ ಬಿಡುವುದು ಲಾಭದ ವ್ಯಾಪಾರವಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ತಪ್ಪಿಗೆ ಒಂದಂಕ ಹೋಗುತ್ತದೆ, ಅಲ್ಲಿ ಕೈ ಬಿಗಿಹಿಡಿಯಬೇಕು.

ರೈತರ ಮಕ್ಕಳು ಇದನ್ನು ಓದಲೇಬೇಕು

ಪಿಸಿಎಂಬಿ ತೆಗೆದುಕೊಂಡರೆ ಡಾಕ್ಟರ್, ಇಲ್ಲವೆಂದರೆ ಎಂಜಿನಿಯರ್ ಎಂದು ಎರಡೇ ಬಾಗಿಲು ಕಾಣುವ ಅಭ್ಯಾಸ ನಮ್ಮಲ್ಲಿದೆ. ಮನೆ ಪಕ್ಕದ ಮೂರನೇ ಬಾಗಿಲನ್ನು ನೋಡಿ. ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಇರುವಕ್ಕಿ ಆವರಣ ಪಕ್ಕದ ಸಾಗರ ತಾಲ್ಲೂಕಿನಲ್ಲೇ ಇದೆ. ಶಿವಮೊಗ್ಗದಲ್ಲಿ ಕೃಷಿ ಕಾಲೇಜು, ಪಶುವೈದ್ಯಕೀಯ ಕಾಲೇಜು, ಸೊರಬದವರಿಗೆ ಹತ್ತಿರದ ಶಿರಸಿಯಲ್ಲಿ ಅರಣ್ಯ ಕಾಲೇಜು. ಈ ಸೀಟುಗಳೂ ಸಿಇಟಿ ಮೂಲಕವೇ ಹಂಚಿಕೆಯಾಗುತ್ತವೆ. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ.

ಆ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಕಳೆ, ಕೀಟ, ಸಲಕರಣೆ ಇಂಥವನ್ನು ಕಂಡು ಗುರುತಿಸಬೇಕು. ಮೆಕ್ಕೆಜೋಳ, ಭತ್ತ, ಅಡಿಕೆ, ಶುಂಠಿ, ಅನಾನಸ್ ನಡುವೆ ಬೆಳೆದ ಮಕ್ಕಳಿಗೆ ಇದು ಕಷ್ಟವಾಗಬಾರದು. ಆದರೆ ಎಂಟನೇ ತರಗತಿಗೇ ಹಾಸ್ಟೆಲ್ ಸೇರಿ, ರಜೆಯಲ್ಲೂ ಟ್ಯೂಷನ್‌ಗೆ ಹೋದ ರೈತನ ಮಗನಿಗೆ ಕೂರಿಗೆ ಯಾವುದು, ಎಡೆಕುಂಟೆ ಯಾವುದು ಎಂದು ಗೊತ್ತಿಲ್ಲದ ಕಾಲ ಇದು. ಈ ಮುಂಗಾರಿನಲ್ಲಿ ಭಾನುವಾರಕ್ಕೊಮ್ಮೆ ಹೊಲಕ್ಕೆ ಕರೆದುಕೊಂಡು ಹೋಗಿ. ಬಿತ್ತನೆ ಬೀಜದ ಪ್ಯಾಕೆಟ್ಟಿನ ಮೇಲಿನ ತಳಿಯ ಹೆಸರು ಓದಿಸಿ. ಯೂರಿಯಾ, ಡಿಎಪಿ, ಪೊಟ್ಯಾಷ್ ಮೂರನ್ನೂ ಅಂಗೈಯಲ್ಲಿ ಹಾಕಿ ಬಣ್ಣ, ಕಾಳು ನೋಡಲು ಹೇಳಿ. ಮೆಕ್ಕೆಜೋಳದ ಸುಳಿ ಬಿಡಿಸಿ ಸೈನಿಕ ಹುಳು ತೋರಿಸಿ. ಈ ಹುಳು ಭಾರತಕ್ಕೆ ಕಾಲಿಟ್ಟಿದೆ ಎಂದು 2018ರಲ್ಲಿ ಮೊದಲು ಪತ್ತೆ ಹಚ್ಚಿದ್ದು ನಮ್ಮ ಶಿವಮೊಗ್ಗದ ಕೃಷಿ ವಿಜ್ಞಾನಿಗಳೇ ಎನ್ನುವುದನ್ನೂ ಹೇಳಿ, ಕೃಷಿ ಓದಿನಲ್ಲಿ ಏನಿದೆ ಎಂದು ಕೇಳುವವರಿಗೆ ಅದೇ ಉತ್ತರ. ಪಹಣಿ, ಕೃಷಿಕ ಕುಟುಂಬದ ಸದಸ್ಯ ಪ್ರಮಾಣಪತ್ರ ತಯಾರಿರಲಿ. ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ ಮಾಡಿಸಲು ಇದೇ ಒಳ್ಳೆಯ ನೆಪ.

ಆರ್ಟ್ಸ್, ಕಾಮರ್ಸ್‌ನವರಿಗೆ

ಸಿಇಟಿ ಗದ್ದಲದಲ್ಲಿ ಈ ಮಕ್ಕಳನ್ನು ಯಾರೂ ಮಾತಾಡಿಸುವುದಿಲ್ಲ. ಶಿಕಾರಿಪುರ, ಸೊರಬ, ಶಿರಾಳಕೊಪ್ಪ, ಆನವಟ್ಟಿಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿದರೆ ಪ್ರವೇಶ. 2024ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದು. ಹೊರಗೆ ಹೋಗುವ ಮನಸ್ಸಿದ್ದರೆ ದಾರಿಗಳು ಬೇರೆ: ಕಾನೂನಿಗೆ ಕ್ಲಾಟ್, ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆಗೆ ಸಿಯುಇಟಿ. ಶಿಕ್ಷಕರಾಗಬೇಕೆಂದಿರುವ ವಿಜ್ಞಾನದ ಮಕ್ಕಳಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಬಿಎಸ್ಸಿ, ಬಿಇಡಿ ಒಟ್ಟಾಗಿರುವ ಕೋರ್ಸ್. ಇವುಗಳ ಅರ್ಜಿ ಪಿಯುಸಿ ಫಲಿತಾಂಶಕ್ಕೆ ಕಾಯುವುದಿಲ್ಲ, ಕ್ಲಾಟ್ ಅಂತೂ ಡಿಸೆಂಬರ್‌ನಲ್ಲೇ ಮುಗಿದಿರುತ್ತದೆ.

ಹೊರಗೆ ಕಳಿಸಲು ಹೆದರುವ ಮನೆಗಳಿಗೆ ಒಂದು ಮಾತು. ತಾಳಗುಂದದ ಕಂಬದ ಶಾಸನ ಹೇಳುವಂತೆ ಮಯೂರಶರ್ಮ ಗುರು ವೀರಶರ್ಮನೊಡನೆ ಓದಲು ಹೊರಟದ್ದು ಕಂಚಿಗೆ. ಅಲ್ಲಿ ಜಗಳವಾಗಿ, ಓದು ಬಿಟ್ಟು, ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು ಬೇರೆ ಮಾತು. ಇಲ್ಲಿಂದ ದೂರ ಓದಲು ಹೋಗುವುದು ಹೊಸತೇನಲ್ಲ.

ಹಣ ಯಾವಾಗ ಬೇಕು, ಯಾವಾಗ ಇರುತ್ತದೆ

ಶುಲ್ಕ ಕಟ್ಟುವ ಹೊತ್ತು ಜುಲೈ, ಆಗಸ್ಟ್. ಆಗ ನಾಟಿಯ ಖರ್ಚು ತಲೆ ಮೇಲಿರುತ್ತದೆ, ಶುಂಠಿಗೆ ಹಾಕಿದ ದುಡ್ಡು ಮಣ್ಣಿನೊಳಗಿರುತ್ತದೆ. ಮೆಕ್ಕೆಜೋಳ ಮಾರಿದ ಹಣ ನವೆಂಬರ್‌ಗೆ, ಅಡಿಕೆಯದು ಅದರಾಚೆಗೆ. ಹಿಂದಿನ ಚಳಿಗಾಲದ ದುಡ್ಡಿನಲ್ಲೇ ಮೊದಲ ಕಂತನ್ನು ಎತ್ತಿಡದಿದ್ದರೆ ಬಡ್ಡಿಯವರ ಮನೆ ಬಾಗಿಲೇ ಗತಿ. ಬ್ಯಾಂಕ್ ಸಾಲ ಬೇಕೆನಿಸಿದರೆ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. ಮಗುವಿನ ಹೆಸರಿನಲ್ಲಿ ಪ್ಯಾನ್ ಕಾರ್ಡನ್ನು ಈಗಲೇ ಮಾಡಿಸಿ.

ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಮಗುವಿನ ಸ್ವಂತ ಖಾತೆ ಆಧಾರ್‌ಗೆ ಜೋಡಣೆಯಾಗಿರಬೇಕು. ಅರ್ಜಿ ಮಂಜೂರಾಗಿಯೂ ಹಣ ಬಾರದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಗೆ ಅಪ್ಪನದೋ ಅಮ್ಮನದೋ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು, ಅದು ರೈತ ಸಂಪರ್ಕ ಕೇಂದ್ರದಲ್ಲಿ ಸಿಗುತ್ತದೆ. ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳು ಪದವಿಗೆ ಸೇರಿದ ಮೇಲೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ವರ್ಷಕ್ಕೆ 30,000 ರೂಪಾಯಿಯ ನೆರವಿಗೆ ಅರ್ಜಿ ಹಾಕಬಹುದು. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಸೀಟುಗಳಿವೆ, ಆದಾಯ ಮಿತಿಯೊಳಗಿನ ಮಕ್ಕಳಿಗೆ ಬೋಧನಾ ಶುಲ್ಕ ಮಾಫಿ. ಬಹಳ ಜನ ಇದನ್ನು ಕೇಳಿಯೇ ಇರುವುದಿಲ್ಲ.

ಅರ್ಜಿ, ಮೊಬೈಲ್, ಆಪ್ಷನ್ ಎಂಟ್ರಿ

ಸೈಬರ್ ಸೆಂಟರ್‌ನಲ್ಲಿ ಕುಳಿತು ಅರ್ಜಿ ತುಂಬಿಸುವುದು ತಪ್ಪಲ್ಲ. ಆದರೆ ಮೊಬೈಲ್ ನಂಬರ್ ನಿಮ್ಮ ಮನೆಯದೇ ಇರಲಿ, ಅದೂ ರೀಚಾರ್ಜ್ ನಿಲ್ಲಿಸದ ನಂಬರ್. ಪಾಸ್‌ವರ್ಡ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅಂಗಡಿಯವರ ಬಳಿ ಬಿಡಬೇಡಿ. ಸೀಟು ಬಂತೆಂಬ ಸಂದೇಶ ಇನ್ಯಾರದೋ ಫೋನಿಗೆ ಹೋಗಿ, ನೀವು ಗದ್ದೆಯಲ್ಲಿದ್ದಾಗ ಗಡುವು ಮುಗಿದರೆ ಯಾರನ್ನೂ ದೂರುವಂತಿಲ್ಲ. ಸೀಟು ಕೊಡಿಸುತ್ತೇವೆಂದು ಫೋನ್ ಮಾಡುವವರು ಏಜೆಂಟರು, ಸಿಇಟಿ ನಡೆಸುವ ಕೆಇಎ ಹಾಗೆ ಫೋನ್ ಮಾಡುವುದಿಲ್ಲ.

ಬೇಕಾದ ಕಾಲೇಜು, ಕೋರ್ಸ್‌ಗಳನ್ನು ಕ್ರಮವಾಗಿ ನಮೂದಿಸುವ ಆಪ್ಷನ್ ಎಂಟ್ರಿಗೆ ತಯಾರಿಯನ್ನು ಈ ವರ್ಷವೇ ಆಟದಂತೆ ಮಾಡಿ ನೋಡಬಹುದು. ಹಿಂದಿನ ವರ್ಷದ ಕಟಾಫ್ ಪಟ್ಟಿ ಕೆಇಎ ವೆಬ್‌ಸೈಟಿನಲ್ಲಿರುತ್ತದೆ. ಮಗು, ಅಪ್ಪ, ಅಮ್ಮ ಮೂವರೂ ಬೇರೆಬೇರೆ ಹಾಳೆಯಲ್ಲಿ ತಮಗಿಷ್ಟದ ಕಾಲೇಜು, ಕೋರ್ಸ್ ಬರೆದು ಆಮೇಲೆ ಒಟ್ಟಿಗೆ ಇಟ್ಟು ನೋಡಿ. ಜಗಳ ಆಗುವುದಿದ್ದರೆ ಈಗಲೇ ಆಗಿಹೋಗಲಿ. ನಿಜವಾದ ಪಟ್ಟಿಯಲ್ಲಿ ಕ್ರಮ ನಿಮ್ಮ ಆಸೆಯ ಕ್ರಮವೇ ಇರಬೇಕು, ‘ನನ್ನ ರ್‍ಯಾಂಕಿಗೆ ಇದು ಸಿಗಲಾರದು’ ಎಂದು ಮೇಲಿನದನ್ನು ಬಿಡಬೇಡಿ, ಬರೆದರೆ ನಷ್ಟವಿಲ್ಲ. ಸಿಕ್ಕರೂ ಸೇರುವುದಿಲ್ಲವೆನ್ನುವ ಕಾಲೇಜನ್ನು ಮಾತ್ರ ಬರೆಯಲೇಬೇಡಿ. ಅಣಕು ಹಂಚಿಕೆಯ ಫಲಿತಾಂಶ ನೋಡಿ ಪಟ್ಟಿ ಬದಲಿಸಲು ಅವಕಾಶ ಇರುತ್ತದೆ. ಸೀಟು ಬಂದ ಮೇಲೆ ನಾಲ್ಕು ದಾರಿ: ಒಂದನೇ ಚಾಯ್ಸ್ ಎಂದರೆ ಒಪ್ಪಿ ಸೇರುವುದು, ಎರಡನೆಯದು ಇದನ್ನು ಇಟ್ಟುಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾಯುವುದು, ಮೂರನೆಯದು ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಮೂರನೆಯದನ್ನು ಒತ್ತುವ ಮುಂಚೆ ಒಂದು ರಾತ್ರಿ ಯೋಚಿಸಿ, ಕೈಯಲ್ಲಿದ್ದದ್ದು ಹೋಗುತ್ತದೆ.

ಇರಲು ಜಾಗ

ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಐವತ್ತು ಕಿಲೋಮೀಟರ್ ಮೇಲಾಗುತ್ತದೆ, ಸೊರಬದಿಂದ ಇನ್ನೂ ದೂರ. ದಿನಾ ಓಡಾಡಿ ಎಂಜಿನಿಯರಿಂಗ್ ಮುಗಿಸುತ್ತೇನೆನ್ನುವ ಹುಮ್ಮಸ್ಸು ಮೊದಲ ಮಳೆಗಾಲಕ್ಕೇ ಇಳಿಯುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ ಉಚಿತ, ಆದರೆ ನಮ್ಮ ಕಡೆ ಅನೇಕ ಮಾರ್ಗಗಳಲ್ಲಿ ಖಾಸಗಿ ಬಸ್ಸೇ ಹೆಚ್ಚು, ಬೆಳಗಿನ ಹೊತ್ತಿಗೆ ಯಾವ ಬಸ್ ಇದೆ ಎಂದು ನೋಡಿಕೊಂಡು ಲೆಕ್ಕ ಹಾಕಿ. ಬಿಸಿಎಂ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ ಅರ್ಜಿ ಬೇರೆಯೇ ಕರೆಯುತ್ತಾರೆ. ಕಾಲೇಜಿಗೆ ಸೇರಿದ ವಾರವೇ ವಿಚಾರಿಸಿ. ಮೂಲ ದಾಖಲೆಗಳನ್ನು ಕಾಲೇಜಿಗೆ ಕೊಡುವ ಮುಂಚೆ ನಾಲ್ಕು ಸೆಟ್ ಜೆರಾಕ್ಸ್ ಮಾಡಿಸಿ. ಹಾಸ್ಟೆಲ್, ಸ್ಕಾಲರ್‌ಶಿಪ್, ಬ್ಯಾಂಕ್ ಮೂರಕ್ಕೂ ಒಂದೊಂದು, ಉಳಿದದ್ದು ಮನೆಯ ಬೀರುವಿನಲ್ಲಿ.